ಇಪ್ಪತ್ತೆರಡು ರೊಟ್ಟಿಯ ಹಾಡು

ನಾನು ಒಂದು ಡ್ಯಾಕ್. ಹೆಸರು ಕೇಳಿ ಯಾವುದೋ ಔಷಧಿ ಎಂದುಕೊಳ್ಳಬೇಡಿ. ಊಟದ ಡಬ್ಬಿಯಷ್ಟು ಗಾತ್ರದ ಕಪ್ಪು ಅಲ್ಯುಮಿನಿಯಂ ಪೆಟ್ಟಿಗೆ, ಅಷ್ಟೆ. ಕಂಪ್ಯೂಟರಿನೊಳಗೆ ಹಾಡು ಹಾಡಾಗಿ ಇರುವುದಿಲ್ಲ, ಬರೀ ಅಂಕಿಗಳಾಗಿ ಬಿದ್ದಿರುತ್ತದೆ. ಆ ಅಂಕಿಗಳನ್ನು ಒಂದೊಂದಾಗಿ ಓದಿ, ದನಿಯಾಗಿ ಮಾಡಿ, ಸ್ಪೀಕರಿಗೆ ಸಾಗಿಸುವುದು ನನ್ನ ಕಸುಬು. ಮಂದಿಯ ಮಾತೆಲ್ಲ ನನಗೆ ಕೇಳಿಸುತ್ತದೆ. ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳಿಸದ ಹಾಗೆ, ನನ್ನ ದನಿ ಮಾತ್ರ ನನಗೆ ಕೇಳಿಸುವುದಿಲ್ಲ. ಮುಂದೆ ಆದ ಎಡವಟ್ಟಿಗೆ ಇದೂ ಒಂದು ಕಾರಣ.

ನಾನು ಹುಟ್ಟಿದ್ದು ಬೆಂಗಳೂರಿನ ರಾಜಾಜಿನಗರದ ಒಂದು ಮಹಡಿ ಕೋಣೆಯಲ್ಲಿ. ನನ್ನನ್ನು ಹುಟ್ಟಿಸಿದವರು ಫಣೀಂದ್ರ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಕೈ ಸುಮ್ಮನಿರಲಾರದೆ ಇಂಥ ಡಬ್ಬಿಗಳನ್ನು ಕೈಯಾರೆ ಬೆಸೆಯುತ್ತಿದ್ದರು. ನನ್ನಂಥವರ ಎದೆಯಲ್ಲಿ ಎರಡು ಪುಟ್ಟ ಹರಳುಗಳಿರಬೇಕು. ಅಂಕಿಗಳನ್ನು ಯಾವ ವೇಗದಲ್ಲಿ ಓದಬೇಕೆಂದು ತಾಳ ಹಾಕುವವು ಅವೇ. ಹಾಡಿನ ಅಂಕಿಗಳಿಗೆ ಒಂದು ತಾಳ, ಸಿನಿಮಾದ ಅಂಕಿಗಳಿಗೆ ಅದಕ್ಕಿಂತ ಕೊಂಚ ಚುರುಕಾದ ಇನ್ನೊಂದು. ನನ್ನನ್ನು ಬೆಸೆಯುತ್ತಿದ್ದ ಮಧ್ಯಾಹ್ನ ಫಣೀಂದ್ರರು ಒಂದು ಕೈಯಲ್ಲಿ ಫೋನ್ ಹಿಡಿದು ಬೀಗರೊಂದಿಗೆ ಛತ್ರದ ಅಡುಗೆಯ ಬಗ್ಗೆ ವಾದಿಸುತ್ತಿದ್ದರು. ಹೋಳಿಗೆಯೋ ಚಿರೋಟಿಯೋ ಎಂಬ ಭರಾಟೆಯಲ್ಲಿ ಒಂದೇ ಪೊಟ್ಟಣದಿಂದ ಎರಡು ಹರಳು ತೆಗೆದು ಕೂರಿಸಿಬಿಟ್ಟರು. ಎರಡೂ ಸಿನಿಮಾದವು. ಆಮೇಲೆ ತಮಗೆ ಇಷ್ಟವಾದ ಒಂದು ಸಿನಿಮಾ ಹಚ್ಚಿ ಪರೀಕ್ಷೆ ಮಾಡಿದರು. ಸಿನಿಮಾ ಸರಿಯಾಗಿಯೇ ಕೇಳಿತು. ಚಿರೋಟಿ ಗೆದ್ದಿತು, ನಾನೂ ಪಾಸಾದೆ.

ನನ್ನ ಮೊದಲ ಒಡೆಯರು ಹುಬ್ಬಳ್ಳಿಯ ಒಬ್ಬ ಕಣ್ಣಿನ ಡಾಕ್ಟರು. ಅವರಿಗೆ ಹಾಡಿನ ಹುಚ್ಚಿರಲಿಲ್ಲ, ಸಿನಿಮಾದ ಹುಚ್ಚಿತ್ತು. ಮೂರು ವರ್ಷ ಅವರ ಮನೆಯಲ್ಲಿ ಬಂದೂಕು ಹಾರಿಸಿದೆ, ರೈಲು ಓಡಿಸಿದೆ, ನಾಯಕಿಯರನ್ನು ಅಳಿಸಿದೆ. ಯಾರೂ ಒಂದು ತಪ್ಪು ಹುಡುಕಲಿಲ್ಲ. ನಾನು ಲಕ್ಷಣವಾಗಿದ್ದೇನೆ ಎಂದು ನಾನೂ ನಂಬಿದ್ದೆ.

ಡಾಕ್ಟರು ಗೋಡೆಗೆ ದೊಡ್ಡ ಯಂತ್ರ ಹಾಕಿಸಿಕೊಂಡಾಗ ನಾನು ಬೇಡವಾದೆ. ಗದಗಿನ ಕಸ್ತೂರಿ ಎಂಬ ಹೆಣ್ಣುಮಗಳು ತಂದೆಯ ಕಣ್ಣಿನ ಪೊರೆ ತೆಗೆಸಲು ಆಗ ಅವರಲ್ಲಿಗೆ ಬರುತ್ತಿದ್ದಳು. ಮಾತಿಗೆ ಮಾತು ಬಂದು, ಅವಳು ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಕಲಿಸುವವಳು ಎಂದು ತಿಳಿದು, ನಿಮ್ಮ ಕೈಗೆ ಸೇರಿದರೆ ಇದಕ್ಕೊಂದು ಗತಿಯಾದೀತು ಎಂದು ಡಾಕ್ಟರು ನನ್ನನ್ನು ಕೊಟ್ಟುಬಿಟ್ಟರು.

ಕಸ್ತೂರಿಯ ತಂದೆ ಮೌನೇಶಪ್ಪ ಬಡಿಗೇರ. ಹೆಸರಲ್ಲಿ ಮೌನವಿದ್ದರೂ ಬದುಕೆಲ್ಲ ಸುರದ ನಡುವೆ ಕಳೆದವರು. ನಾಟಕ ಕಂಪನಿಗಳ, ಭಜನಾ ಮೇಳಗಳ ಹಾರ್ಮೋನಿಯಂಗಳು ಸುರ ತಪ್ಪಿದರೆ ಅವರ ಮನೆಯ ಪಡಸಾಲೆಗೇ ಬರಬೇಕು. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ರೀಡುಗಳಿರುತ್ತವೆ. ರೀಡಿನ ತುದಿಯನ್ನು ಅರದಿಂದ ಉಜ್ಜಿದರೆ ಸುರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಎಷ್ಟು ಉಜ್ಜಬೇಕೆಂದು ಹೇಳುವುದು ಕಿವಿ ಒಂದೇ. ಆ ಕಿವಿ ಅವರ ಆಸ್ತಿ. ತಾರುಣ್ಯದಲ್ಲಿ ಅವರು ತಮ್ಮ ಗುರುಗಳ ಹಾಡಿಗೆ ಹಾರ್ಮೋನಿಯಂ ನುಡಿಸಿದ್ದರು. ಆ ಕ್ಯಾಸೆಟ್ಟನ್ನು ಮನೆಯಲ್ಲಿ ದಿನಾ ಬೆಳಿಗ್ಗೆ ಹಚ್ಚುವುದು ಪದ್ಧತಿ. ಕ್ಯಾಸೆಟ್ ಯಂತ್ರ ಕೆಟ್ಟು ವರ್ಷವಾಗಿತ್ತು. ಕಸ್ತೂರಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿ ತಂದಿದ್ದಳು. ತಂದೆಗೆ ಗುರುಗಳ ದನಿ ಮತ್ತೆ ಚೆಂದವಾಗಿ ಕೇಳಲಿ ಎಂಬುದಕ್ಕೇ ನಾನು ಆ ಮನೆಗೆ ಬಂದೆ.

ನನ್ನನ್ನು ಕೂರಿಸಿದ ಭಾನುವಾರ ನೆನಪಿದೆ. ಮೊದಲು ದನಿಯೇ ಹೊರಡಲಿಲ್ಲ. ಕಂಪ್ಯೂಟರು ನನ್ನನ್ನು ಬಿಟ್ಟು ತನ್ನ ಹೊಟ್ಟೆಯ ಸ್ಪೀಕರಿಗೇ ಹಾಡು ಕಳಿಸುತ್ತಿತ್ತು. ಕಸ್ತೂರಿ ಸೆಟ್ಟಿಂಗ್ಸ್‌ಗೆ ಹೋಗಿ ನನ್ನ ಹೆಸರು ಆರಿಸಿದಳು. ಆಮೇಲೆ ಗುಂಯ್ ಎಂಬ ಸದ್ದು. ಕಂಪ್ಯೂಟರಿನ ಪ್ಲಗ್ಗು ಒಂದು ಗೋಡೆಯಲ್ಲಿ, ಆಂಪ್ಲಿಫೈಯರಿನದು ಇನ್ನೊಂದು ಗೋಡೆಯಲ್ಲಿ. ಎರಡರ ಅರ್ಥಿಂಗಿಗೂ ಹೊಂದಾಣಿಕೆಯಿರಲಿಲ್ಲ. ಎರಡನ್ನೂ ಒಂದೇ ಬೋರ್ಡಿಗೆ ತಂದಾಗ ಸದ್ದಡಗಿತು. ನಂತರ ನಡುನಡುವೆ ಚಟ್ ಚಟ್. ನನಗೆ ಸಿಕ್ಕಿಸಿದ್ದ ಪ್ರಿಂಟರಿನ ಹಳೆಯ ಉದ್ದನೆಯ ವೈರು ಕಿತ್ತು, ಗಿಡ್ಡನೆಯ ಹೊಸದನ್ನು ಹಾಕಿದಳು. ಅದೂ ಹೋಯಿತು. ಮೂರು ರೋಗ ಕಂಡುಹಿಡಿದು ಮೂರನ್ನೂ ವಾಸಿಮಾಡಿದ ಹೆಮ್ಮೆಯಲ್ಲಿ, ನಾಲ್ಕನೆಯದೊಂದು ಇರಬಹುದೆಂದು ಯಾರಿಗೆ ತಾನೇ ತೋಚೀತು?

ಗುರುಗಳು ಹಾಡತೊಡಗಿದರು. ಮೌನೇಶಪ್ಪ ಕಣ್ಣು ಮುಚ್ಚಿ ಕೂತವರು ಸ್ವಲ್ಪ ಹೊತ್ತಿಗೇ ಕಣ್ಣು ತೆರೆದರು. ತಮ್ಮ ಹಾರ್ಮೋನಿಯಂ ಎಳೆದುಕೊಂಡು ಕರಿ ಒಂದರ ಮನೆ, ಎಂದರೆ ಮೊದಲ ಕಪ್ಪು ಪಟ್ಟಿ, ಒತ್ತಿದರು. ಗುರುಗಳ ಷಡ್ಜ ಯಾವತ್ತೂ ಅದೇ. ಹೊಂದಲಿಲ್ಲ. ಮುಂದಿನ ಬಿಳಿ ಎರಡು ಒತ್ತಿದರು, ಹಾಡು ಅದಕ್ಕಿಂತ ಮೇಲಿತ್ತು. ಅದರ ಮುಂದಿನ ಕರಿ ಎರಡು ಒತ್ತಿದರು, ಹಾಡು ಕೆಳಗಿತ್ತು. ಗುರುಗಳು ಎರಡು ಮನೆಗಳ ನಡುವಿನ ಸಂದಿಯಲ್ಲಿ ನಿಂತಿದ್ದರು.

"ಸುರ ಏರೈತೆವಾ," ಅಂದರು.

"ಡಿಜಿಟಲ್ ಅಪ್ಪಾ ಇದು. ಏರೂದಿಲ್ಲ, ಇಳಿಯೂದಿಲ್ಲ," ಎಂದಳು ಕಸ್ತೂರಿ. ಹಳೆಯ ಕ್ಯಾಸೆಟ್ ಯಂತ್ರದ ಬೆಲ್ಟು ಸಡಿಲಾಗಿ ನಿಧಾನ ಓಡುತ್ತಿದ್ದಿರಬೇಕು, ಅದೇ ಕಿವಿಗೆ ರೂಢಿಯಾಗಿದೆ ಎಂದು ಸಮಾಧಾನವನ್ನೂ ಹೇಳಿದಳು. ಅವಳ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಕಿವಿಯ ಮಾತೆತ್ತಿದ್ದು ಅವರಿಗೆ ನಾಟಿತು. ಕಣ್ಣಿಗೆ ಪೊರೆ ಬಂದ ಹಾಗೆ ಕಿವಿಗೂ ಏನೋ ಬಂದಿದೆ ಎಂದು ಅವರು ಅಂದೇ ಒಪ್ಪಿಕೊಂಡುಬಿಟ್ಟರು.

ಎರಡು ವಾರದಲ್ಲಿ ಅವರು ಬೇರೆಯೇ ಮನುಷ್ಯರಾದರು. ಲಕ್ಕುಂಡಿಯ ಭಜನಾ ಮೇಳದವರು ರಿಪೇರಿಗೆ ಬಿಟ್ಟಿದ್ದ ಹಾರ್ಮೋನಿಯಂ ಬಿಚ್ಚದೆ ಮೂಲೆಯಲ್ಲಿತ್ತು. ಅದನ್ನು ಹಾಗೆಯೇ ವಾಪಸು ಕಳಿಸಿದರು. "ಕಿವಿ ಹೋದ ಮ್ಯಾಲ ಮಂದಿ ಪೆಟ್ಟಿಗಿ ಕೆಡಸೂದು ಬ್ಯಾಡ," ಎಂದು ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು. ಅರ, ಚಿಮಟ, ಚೂರಿಗಳನ್ನು ಅರಿವೆಯಲ್ಲಿ ಕಟ್ಟಿ ಜಂತಿಯ ಸಂದಿಗೆ ಸಿಕ್ಕಿಸಿದರು. ನನಗೆ ಸಂಕಟವಾಯಿತು. ನಾನು ಸರಿಯಿದ್ದೇನೆ ಎಂದುಕೊಂಡೇ ಮರುಗಿದೆ, ಪಾಪ, ಒಳ್ಳೆಯ ಕಿವಿ ಹಾಳಾಯಿತಲ್ಲ ಎಂದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅವರು ಆ ಗಂಟನ್ನು ಮತ್ತೆ ಬಿಚ್ಚಿದರು. ಆಸೆ ಪೂರ್ತಿ ಸತ್ತಿರಲಿಲ್ಲ ನೋಡಿ. ಕೆಟ್ಟದ್ದು ಕಿವಿಯಲ್ಲ, ತಮ್ಮ ಹಾರ್ಮೋನಿಯಮ್ಮೇ ವಯಸ್ಸಾಗಿ ಇಳಿದಿದ್ದರೆ? ಕ್ಯಾಸೆಟ್ಟಿನಲ್ಲಿ ಗುರುಗಳ ಜೊತೆ ನುಡಿದದ್ದು ಅದೇ ಪೆಟ್ಟಿಗೆ. ಹಾಡಿಗೆ ಅದನ್ನು ಏರಿಸಿ ನೋಡೋಣವೆಂದು ಕರಿ ಒಂದರ ರೀಡು ಹೊರತೆಗೆದರು. ನಲವತ್ತು ವರ್ಷ ಊರ ಪೆಟ್ಟಿಗೆಗಳನ್ನೆಲ್ಲ ತಿದ್ದಿದ್ದು ಈ ರೀಡಿನ ಸುರ ಹಿಡಿದು. ಅದರ ತುದಿಯ ಮೇಲೆ ಅರವಿಟ್ಟು ಒಮ್ಮೆ ಉಜ್ಜಿದರು. ಇನ್ನೊಮ್ಮೆ ಉಜ್ಜಿದರು. ನಾನು ಹಾಡುತ್ತಲೇ ಇದ್ದೆ.

ಅಷ್ಟರಲ್ಲಿ ಹಾಡು ಮುಗಿಯಿತು. ಅಡುಗೆಮನೆಯಿಂದ ಅವರ ಹೆಂಡತಿ ಕಾಳವ್ವ ಬಾಗಿಲಿಗೆ ಬಂದು ನಿಂತರು. ಅಂಗೈಗೆಲ್ಲ ಜೋಳದ ಹಿಟ್ಟು.

"ನೀವು ಕಿವಿ ಹೋತು ಅಂತೀರಿ. ನನ್ನ ಕೈಯೂ ಹೋತ್ರಿ," ಅಂದರು. "ಕ್ಯಾಸೆಟ್ ಇದ್ದಾಗ ಗುರುಗಳ ಹಾಡು ಮುಗಿಯೂದ್ರಾಗ ಇಪ್ಪತ್ತೆರಡು ರೊಟ್ಟಿ ಬಡೀತಿದ್ದೆ. ಈಗ ಇಪ್ಪತ್ತಽ ಆಗ್ತಾವ. ದಿನಾ ಎರಡು ರೊಟ್ಟಿ ಹಿಟ್ಟು ಉಳೀತೈತಿ."

ಎರಡು ವಾರದಿಂದ ಯಾರಿಗೂ ಹೇಳದೆ ಆಕೆ ಇದನ್ನು ಒಳಗೇ ಇಟ್ಟುಕೊಂಡಿದ್ದರಂತೆ. ಬೇಗ ಬೇಗ ಬಡಿಯಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡಿದ್ದರಂತೆ. ಮೌನೇಶಪ್ಪ ಅರ ಕೆಳಗಿಟ್ಟು, ವಯಸ್ಸಾಯಿತು, ಇಬ್ಬರಿಗೂ ಆಯಿತು ಎಂದು ಆಕೆಯನ್ನು ಸಂತೈಸತೊಡಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಈ ಮನೆಯಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯಬಲ್ಲವರು ತಮ್ಮ ಕಾಲನ್ನು ಬೈದುಕೊಳ್ಳುತ್ತಿದ್ದರು.

ಕಾಲೇಜಿಗೆ ಹೊರಟಿದ್ದ ಕಸ್ತೂರಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಇಪ್ಪತ್ತೆರಡು, ಇಪ್ಪತ್ತು ಎಂದು ಗೊಣಗಿದಳು. ಚೀಲ ಇಳಿಸಿ, ಅದೇ ಹಾಡನ್ನು ಮತ್ತೆ ಹಚ್ಚಿ, ಫೋನಿನ ಗಡಿಯಾರ ಹಿಡಿದು ನನ್ನೆದುರು ಕೂತಳು. ಕಂಪ್ಯೂಟರಿನಲ್ಲಿ ಹಾಡಿನ ಉದ್ದ ನಲವತ್ತೈದು ನಿಮಿಷ ಎಂದಿತ್ತು. ನಾನು ಹಾಡಿ ಮುಗಿಸಿದ್ದು ನಲವತ್ತೊಂದು ಚಿಲ್ಲರೆಗೆ. ನನ್ನ ವೈರು ಕಿತ್ತು ಕಂಪ್ಯೂಟರಿನ ಸ್ಪೀಕರಿನಲ್ಲೇ ಹಚ್ಚಿದಳು. ದನಿ ತಗಡಿನಂತಿದ್ದರೂ ಮೌನೇಶಪ್ಪನವರ ತಲೆ ತಾನಾಗಿ ತೂಗಿತು.

"ಕರಿ ಒಂದು," ಅಂದರು.

ಕಸ್ತೂರಿ ಅಲ್ಲೇ ಕೂತು ನನ್ನ ಮುಚ್ಚಳ ಬಿಚ್ಚಿದಳು. ಎರಡು ಹರಳು, ಎರಡರ ಮೇಲೂ ಒಂದೇ ಅಂಕಿ. ಹಾಡಿನ ಅಂಕಿಗಳನ್ನೂ ನಾನು ಸಿನಿಮಾದ ಚುರುಕು ತಾಳದಲ್ಲೇ ಓದಿ, ಹಾಡನ್ನು ಬೇಗ ಮುಗಿಸಿ, ಸುರವನ್ನೂ ಏರಿಸುತ್ತಿದ್ದೆ. "ತಪ್ಪಾತು ಅಪ್ಪಾ. ನಾ ನಿನ್ನ ಕಿವಿ ಮಾತು ಕೇಳಲಿಲ್ಲ," ಎಂದು ತಲೆ ತಗ್ಗಿಸಿದಳು. ಮೌನೇಶಪ್ಪ ಎದ್ದು ಹೋಗಿ ಹೆಂಡತಿಯ ಸುಟ್ಟ ಬೆರಳಿಗೆ ತುಪ್ಪ ಹಚ್ಚಿದರು.

ಫೋನಿನಲ್ಲಿ ವಿಷಯ ಕೇಳಿ ಫಣೀಂದ್ರರು ಪೇಚಾಡಿಕೊಂಡರು. ನಾಲ್ಕು ದಿನದಲ್ಲಿ ಸರಿಯಾದ ಹರಳು ಅಂಚೆಯಲ್ಲಿ ಬಂತು. ಕಸ್ತೂರಿ ಪ್ರಯೋಗಾಲಯದಲ್ಲಿ ಬೆಸುಗೆಯ ಕಾದ ಕಡ್ಡಿಯಿಂದ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಸುಟ್ಟೇ ಹೋಯಿತು.

ಮರುದಿನ ಗುರುಗಳು ಹಾಡಿದಾಗ ಮೌನೇಶಪ್ಪ ಕರಿ ಒಂದು ಒತ್ತಿದರು. ಒತ್ತಿದವರು ಮುಖ ಕಿವುಚಿದರು. ನನ್ನ ಜೀವ ಹಾರಿತು.

"ಒಂದು ಕೂದಲೆಳಿ ಏರೈತಿ. ಡಬ್ಬಿ ಅಲ್ಲ, ನನ್ನ ರೀಡು," ಅಂದರು.

ಕಸ್ತೂರಿಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಫೋನಿನಲ್ಲಿ ಸುರ ಅಳೆಯುವ ಆ್ಯಪ್ ತೆರೆದು ಹಿಡಿದಳು. ಮುಳ್ಳು ಕಂಡೂ ಕಾಣದಷ್ಟು ಬಲಕ್ಕೆ ವಾಲಿತ್ತು. ಅರದ ಆ ಎರಡು ಉಜ್ಜುಗಳನ್ನು ಫೋನಿಗಿಂತ ಮೊದಲು ಹಿಡಿದ ಕಿವಿ ಅದು. ಮೌನೇಶಪ್ಪ ನಕ್ಕರು. ರೀಡು ತೆಗೆದು ಬುಡದಲ್ಲಿ ಮೆಲ್ಲಗೆ ಒಮ್ಮೆ ಅರ ಎಳೆದು ಕೂರಿಸಿದರು. ಆಮೇಲೆ ಲಕ್ಕುಂಡಿಯವರಿಗೆ, ನಿಮ್ಮ ಪೆಟ್ಟಿಗೆ ತನ್ನಿ ಎಂದು ಫೋನು ಹೋಯಿತು. ಒಳಗೆ ಕಾಳವ್ವ ಹಂಚಿನಿಂದ ಇಪ್ಪತ್ತೆರಡನೆಯ ರೊಟ್ಟಿ ಎತ್ತುವಾಗ ಹಾಡು ಮುಗಿಯಿತು.

ಅದಾಗಿ ಒಂಬತ್ತು ವರ್ಷ. ಈಗ ಹಾಡು ಕೇಳಲು ನನ್ನಂಥವರು ಬೇಕಿಲ್ಲವಂತೆ, ಸ್ಪೀಕರುಗಳೇ ಗಾಳಿಯಲ್ಲಿ ಹಿಡಿದುಕೊಳ್ಳುತ್ತವಂತೆ. ನನ್ನ ಬಣ್ಣ ಸುಲಿದಿದೆ, ಒಂದು ಗುಂಡಿ ಸಡಿಲಾಗಿದೆ. ಆದರೂ ಆ ಪಡಸಾಲೆಯ ಗೂಡಿನಲ್ಲಿ ನನ್ನ ಜಾಗ ಹಾಗೇ ಇದೆ. ಹಬ್ಬದ ದಿನ ಕಾಳವ್ವ ಹಾರ್ಮೋನಿಯಮ್ಮಿನ ಜೊತೆ ನನಗೂ ಒಂದು ಬೊಟ್ಟು ಕುಂಕುಮ ಇಡುತ್ತಾರೆ.

ಮೊನ್ನೆ ಬೆಳಿಗ್ಗೆ ಹಾಡು ಮುಗಿದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಇನ್ನೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಾಳವ್ವ ಬಾಗಿಲಿಗೆ ಬಂದರು. ಸಂಧಿವಾತದಿಂದ ಆಕೆಯ ಬೆರಳುಗಳು ಈಚೆಗೆ ಸೊಟ್ಟಗಾಗಿವೆ.

"ಇವತ್ತ ಹದಿನೆಂಟಽ ಆದುವ್ರಿ. ಆ ಡಬ್ಬಿ ಮತ್ತ ಓಡಾಕತ್ತೈತೇನ ನೋಡ್ರಿ," ಅಂದರು.

ಮೌನೇಶಪ್ಪ ಹಾಡನ್ನು ಮೊದಲಿನಿಂದ ಹಚ್ಚಿ ಕರಿ ಒಂದು ಒತ್ತಿದರು. ಹಿಂದಿನ ವಾರವಷ್ಟೇ ಕಸ್ತೂರಿ ಗಡಿಯಾರ ಹಿಡಿದು ನೋಡಿದ್ದಳು. ನಲವತ್ತೈದು ನಿಮಿಷ, ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ಒತ್ತಿದ ಬೆರಳನ್ನು ತೆಗೆಯದೆ ಬಹಳ ಹೊತ್ತು ಕೇಳಿದರು. ಆಮೇಲೆ ಹೆಂಡತಿಯ ಬೆರಳುಗಳ ಕಡೆ ನೋಡಿದರು.

"ಹೂಂ, ಏರೈತಿ," ಅಂದರು. "ತಪ್ಪು ಡಬ್ಬಿದು."

ಕಾಳವ್ವನ ಮುಖ ಹಗುರಾಯಿತು. ನನ್ನನ್ನು ಪ್ರೀತಿಯಿಂದಲೇ ಒಂದು ಮಾತು ಬೈದು ಒಳಗೆ ಹೋದರು. ಸುರದ ವಿಷಯದಲ್ಲಿ ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರು ಹಾಡನ್ನು ನಿಲ್ಲಿಸಲಿಲ್ಲ, ಉಳಿದ ರೊಟ್ಟಿಗಳಿಗೆಂದು ಹಾಗೇ ಬಿಟ್ಟರು. ನಾನೂ ತಕರಾರು ಮಾಡದೆ ಹಾಡುತ್ತ ಹೋದೆ.