ಬಿಂದೋನ ಕೆಂಪು ನಿಲುವಂಗಿ

ವಾಚಕ ಮಹಾಶಯರೇ, ಈ ಬರಹದಲ್ಲಿ ಕೋಟೆ ಬಿದ್ದ ಸಂಗತಿಯಿಲ್ಲ, ಪ್ರಭುಗಳ ಮರಣವೂ ಇಲ್ಲ. ದಾರಿಹೋಕನಾದ ನಾನು ಪಿಸ್ತೋಯಾ ನಗರದಲ್ಲಿ ಕಂಡ ಒಂದು ನಿಲುವಂಗಿಯ ವಿಚಾರವಷ್ಟೇ ಇದೆಯೆಂದು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ತೆಸ್ಸಾ ಸತ್ತ ಗಂಡ ಬಿಂದೋನ ಸೆಟೆದ ತೋಳನ್ನು ಕೆಂಪು ನಿಲುವಂಗಿಯ ತೋಳಿನೊಳಗೆ ತೂರಿಸುತ್ತಿದ್ದಳು. ಕಮ್ಮಾರ ಸಂಘದ ಹಿರಿಯ ವಾನ್ನಿ ಅವಳ ಕೈ ಹಿಡಿದ.

"ಬೇಡ ತಂಗಿ. ಆಡಳಿತದ ಪೀಠದಲ್ಲಿ ಕೂತೋರಿಗೆ ಮಾತ್ರ ಕೆಂಪಲ್ಲಿ ಮಣ್ಣು."

"ಇಪ್ಪತ್ತು ವರ್ಷ ಇವರ ಹೆಸರು ಪೀಠದ ಚೀಟಿ ಚೀಲದಲ್ಲಿತ್ತಲ್ಲಣ್ಣ!"

"ಇತ್ತು. ಹೊರಗೆ ಬರ್ಲಿಲ್ವಲ್ಲ."

"ನೀನು ಮೂರು ಸಲ ಕೂತೆಯಲ್ಲ," ಎಂದಳು ನೆರೆಮನೆಯ ನೇಜೆ. "ಆ ಹೊಟ್ಟೆ ಇಟ್ಕೊಂಡು ಕೂತ್ರೆ ಇನ್ನೊಬ್ರಿಗೆ ಜಾಗ ಎಲ್ಲಿ?"



*

ಪೀಠದಲ್ಲಿ ಕೂರುವವರನ್ನು ಚೀಟಿ ಎತ್ತಿ ಆರಿಸುವ, ಅರ್ಹರ ಹೆಸರುಗಳ ಚೀಲಕ್ಕೆ ತನ್ನ ಚೀಟಿಯೂ ಬಿದ್ದ ವರ್ಷವೇ ಬಿಂದೋ ಕೆಂಪು ಬಟ್ಟೆ ತಂದಿದ್ದ. ತೆಸ್ಸಾ ಕಂದು ಒಳಪದರ ಕೊಟ್ಟು ಹೊಲಿದಳು. ಚೀಲವಿಡುವ ಪೆಟ್ಟಿಗೆಯ ಬೀಗವೂ ಅವನದೇ ಕೈಕೆಲಸ. ಎರಡು ತಿಂಗಳಿಗೊಮ್ಮೆ, ಚೀಟಿ ಎತ್ತುವ ದಿನ, ಕೈಗಂಟಿದ ಕಬ್ಬಿಣದ ಪುಡಿ ತೊಳೆದು, ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂರುತ್ತಿದ್ದ. ಸಂಜೆಯಾದರೆ, "ಮುಂದಿನ ಸಲ ಕಣೇ," ಎಂದು ನಗುತ್ತಿದ್ದ. ಅವಳು ಮತ್ತೆ ಮಡಚಿ, ಹುಳು ಹಿಡಿಯದಂತೆ ಎಲೆಗಳನ್ನಿಟ್ಟು ಎತ್ತಿಡುತ್ತಿದ್ದಳು.

*

ನಗರಭವನದ ಗಂಟೆ ಮೊಳಗಿತು. ಇಂದೇ ಚೀಟಿ ಎತ್ತುವ ದಿನವೆಂಬುದನ್ನು ಮನೆಯಲ್ಲಿ ಎಲ್ಲರೂ ಮರೆತಿದ್ದರು. ಸ್ವಲ್ಪ ಹೊತ್ತಿಗೆ ಭವನದ ಹರಿಕಾರ ಮೆಟ್ಟಿಲೇರಿ ಬಂದ.

"ಲಾಪೋನ ಮಗ ಬಿಂದೋ, ಬೀಗದ ಕೆಲಸದೋರು! ನಿಮ್ಮ ಹೆಸರು..." ಚಟ್ಟ ಕಂಡು ಟೋಪಿ ತೆಗೆದ. "ಯಾವಾಗ?"

"ಬೆಳಗಿನ ಜಾವ," ಎಂದಳು ನೇಜೆ.

"ಬಂತಲ್ಲಣ್ಣ! ಹೆಸರು ಬಂತಲ್ಲ!" ತೆಸ್ಸಾ ವಾನ್ನಿಯ ತೋಳು ಅಲುಗಿಸಿದಳು.

ಅವನು ನೆಲ ನೋಡಿದ. "ಬಂದ್ರೆ ಸಾಲ್ದು ತಂಗಿ. ಕೂತಿರ್ಬೇಕು."

"ಸತ್ತೋರ ಚೀಟಿ ಹರೀಬೇಕು ತಾಯಿ, ಕಟ್ಟಳೆ," ಎಂದು ಹರಿಕಾರ ಅವಳೆದುರೇ ನಾಲ್ಕು ಚೂರು ಮಾಡಿದ.

ತೆಸ್ಸಾ ಬಾಗಿ ಗಂಡನ ಕಿವಿಯಲ್ಲಿ, "ಇದೊಂದು ದಿನ ತಡೀಬಾರ್ದಿತ್ತೇನ್ರೀ?" ಎಂದಳು.

ಆಮೇಲೆ ಗಂಡನ ತೋಳಿನಿಂದ ಅಂಗಿ ಕಳಚಿದಳು. ಸೋತಳೆಂದು ವಾನ್ನಿ ನಿಟ್ಟುಸಿರಿಟ್ಟ. ಅವಳು ಅದನ್ನು ಒಳಹೊರಗು ಮಾಡಿ, ಕೆಂಪು ಮೈಗೆ ತಾಗುವಂತೆ ಮತ್ತೆ ತೊಡಿಸಿದಳು. ಹೊರಗೆ ಬರೀ ಕಂದು.

ವಾನ್ನಿ ಬಹಳ ಹೊತ್ತು ನೋಡಿದ. "ಕಂದು ಬಣ್ಣಕ್ಕೆ ಯಾವ ಅಡ್ಡೀನೂ ಇಲ್ಲ. ಎತ್ರಪ್ಪಾ."

ಮೆಟ್ಟಿಲ ತಿರುವಿನಲ್ಲಿ ಚಟ್ಟ ವಾಲಿ ತೋಳಿನ ಅಂಚು ಮಗುಚಿತು. ಬೆರಳಗಲ ಕೆಂಪು ಇಣುಕಿತು. ಪಕ್ಕದಲ್ಲಿದ್ದ ವಾನ್ನಿ ಅದರ ಮೇಲೆ ಅಂಗೈಯಿಟ್ಟ. ಚರ್ಚಿನ ಬಾಗಿಲವರೆಗೂ ತೆಗೆಯಲಿಲ್ಲ.

ಅಷ್ಟನ್ನು ಕಂಡು, ನಾನು ಗಂಟುಮೂಟೆ ಹೆಗಲಿಗೇರಿಸಿ ಲುಕ್ಕಾ ಊರಿನ ದಾರಿ ಹಿಡಿದೆ.