ಗೇಟಪ್ಪನ ಕಮಾನಿಗೆ ಬಳ್ಳಿ

ಎರಡು ಸಂಸಾರಗಳ ಮುಂದಿನ ಬದುಕನ್ನೇ ನಿರ್ಧರಿಸಬಲ್ಲ ಗಂಭೀರ ಪ್ರಶ್ನೆಯೊಂದು ಆ ಬೀದಿಯ ಕೊನೆಯ ಎರಡು ಮನೆಗಳ ಮುಂದೆ ಬಂದು ನಿಂತಿತ್ತು: ಕಮಾನಿಗೆ ಯಾವ ಹೂಬಳ್ಳಿ ಹಬ್ಬಿಸಬೇಕು?

ಕಮಾನು ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಬೇಕಾಗಿದ್ದುದು ಎರಡು ಮನೆಗಳ ನಡುವೆ, ಗೋಡೆ ಒಡೆದ ಜಾಗದಲ್ಲಿ. ಗೋಡೆ ಒಡೆಯಲು ಕಾರಣ ಒಂದು ಮುರಿದ ಕಾಲು. ಬೇಸಿಗೆಯ ಆರಂಭದಲ್ಲಿ ಗೇಟಪ್ಪನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಗೇಟಪ್ಪ ಎಂಬುದು ಬೀದಿ ಕೊಟ್ಟ ಹೆಸರು. ಜೀವಮಾನವೆಲ್ಲ ಕಬ್ಬಿಣದ ಗೇಟು ಬೆಸೆದವನಿಗೆ ಇನ್ನೊಂದು ಹೆಸರನ್ನು ನೆನಪಿಟ್ಟುಕೊಳ್ಳುವ ಶ್ರಮವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಗೇಟು ಬೆಸೆಯುವ ಕೈಗೆ ಜಡೆ ಹೆಣೆಯಲು ಬರುವುದಿಲ್ಲ. ಆ ಕೆಲಸಕ್ಕೂ ಉಳಿದ ನೂರೆಂಟು ಕೆಲಸಕ್ಕೂ ಪಕ್ಕದ ಮನೆಯ ಟೈಲರಮ್ಮ ಕರೆಯದೆಯೇ ಬಂದಳು. ಮೈ ಒರೆಸಿದಳು, ಬೈದಳು, ಹಾಸಿಗೆಯ ಪಕ್ಕದಲ್ಲೇ ಕುಳಿತು ಗಿರಾಕಿಗಳ ಅಂಗಿಗೆ ಗುಂಡಿ ಹಚ್ಚಿದಳು. ಬೀದಿ ಸುತ್ತಿ ಬರುವಷ್ಟರಲ್ಲಿ ಬಿಸಿನೀರಿನ ಚೀಲ ಆರಿಹೋಗುತ್ತದೆ ಎಂದು ಒಮ್ಮೆ ಗೊಣಗಿದಳು. ಮರುದಿನ ಗೇಟಪ್ಪ ಸುತ್ತಿಗೆ ಹಿಡಿದು ಗೋಡೆ ಒಡೆದ. ಉಪಕಾರವನ್ನು ಬಾಯಿಬಿಟ್ಟು ನೆನೆಯುವ ಅಭ್ಯಾಸ ಅವನಿಗಿರಲಿಲ್ಲ.

ಈಗ ಹೆಂಡತಿ ಕೋಲೂರಿ ಓಡಾಡುತ್ತಿದ್ದಳು. ‘ಅಲ್ಲೊಂದು ಕಮಾನು ಮಾಡ್ರೀ, ಹೂ ಬಿಡಲಿ. ಅಕ್ಕ ಬರೋ ದಾರಿ ಅದು’ ಎಂದಳು. ಯಾವ ಹೂ ಎಂಬುದನ್ನು ಆ ಅಕ್ಕ, ಅಂದರೆ ಟೈಲರಮ್ಮನೇ ಹೇಳಬೇಕೆಂದೂ ತೀರ್ಮಾನಿಸಿದಳು. ತೊಡಕು ಶುರುವಾದದ್ದು ಅಲ್ಲಿಂದ.

‘ಕಾಗದದ ಹೂ ಹಾಕೋಣವಾ ಅಕ್ಕಾ?’

‘ಮುಳ್ಳು ಕಣೇ. ಗಿರಾಕಿ ಬಟ್ಟೆ ಹೆಗಲ ಮೇಲೆ ಹಾಕ್ಕೊಂಡು ಬರ್ತೀನಿ. ಸಿಕ್ಕಿ ಹರಿದರೆ ನೀನು ಹೊಲಿದುಕೊಡ್ತೀಯಾ?’

‘ಮಲ್ಲಿಗೆ?’

‘ಆ ಘಮಕ್ಕೆ ನಿದ್ದೆ ಬರುತ್ತೆ. ಸೂಜಿ ಕೈಯಲ್ಲಿರೋರಿಗೆ ನಿದ್ದೆ ಆಗಲ್ಲ.’

‘ಶಂಖಪುಷ್ಪ?’

‘ಒಂದು ಬೇಸಿಗೆ ಕಳೆದರೆ ಒಣಗಿ ದಾರದುಂಡೆ.’

‘ಹಾಗಾದ್ರೆ ಬೆಳ್ಳುಳ್ಳಿ ಬಳ್ಳಿ. ಮುಳ್ಳಿಲ್ಲ, ಗೊಂಚಲು ಗೊಂಚಲು ನೇರಳೆ ಹೂ.’

‘ಎಲೆ ಮುಟ್ಟಿದರೆ ಒಗ್ಗರಣೆ ವಾಸನೆ! ಹೂವೋ, ಇವತ್ತು ನೇರಳೆ, ನಾಳೆ ತಿಳಿ, ಆಮೇಲೆ ಬಿಳಿ. ಅಂಥ ಬಣ್ಣ ಬಿಡೋ ಬಟ್ಟೇನ ನಾನು ಅಂಗಡಿಗೇ ವಾಪಸ್ ಕಳಿಸ್ತೀನಿ.’

ಬಳ್ಳಿ ಯಾವುದೆಂದು ತೀರ್ಮಾನವಾಗದಿದ್ದರೂ ಸಂಜೆಗಳು ಸೊಗಸಾಗಿ ಕಳೆಯುತ್ತಿದ್ದವು.

ಅಷ್ಟರಲ್ಲಿ ಗೇಟಪ್ಪ ಕಮಾನು ನಿಲ್ಲಿಸಿದ. ಟೈಲರಮ್ಮ ಬಂದು ನೋಡಿದಳು, ಕಂಬದ ಮೇಲೆ ಕೈಯಾಡಿಸಿದಳು. ‘ಯಾವುದಾದರೂ ಹಾಕ್ಕೊಳ್ಳಿ. ನಿಮ್ಮನೆ ಕಮಾನು’ ಎಂದು ಹೊರಟುಹೋದಳು. ಮರುದಿನ ಬೀದಿ ಸುತ್ತಿ ಬಂದು, ಮುಂಬಾಗಿಲ ಗಂಟೆ ಒತ್ತಿ, ‘ಹೇಗಿದ್ದೀರಿ?’ ಎಂದು ಕೇಳಿದಳು. ಮೈ ಒರೆಸಿದವಳ ಬಾಯಲ್ಲಿ ಈ ಮರ್ಯಾದೆ ಕೇಳಿ ಗೇಟಪ್ಪನ ಹೆಂಡತಿಗೆ ಮೂಳೆ ಮುರಿದಾಗಿನದಕ್ಕಿಂತ ಹೆಚ್ಚು ನೋವಾಯಿತು.

ಸಂಜೆ ಅವಳೇ ಕೋಲೂರಿಕೊಂಡು ಕಮಾನು ದಾಟಿ ಹೊಲಿಗೆ ಯಂತ್ರದ ಮುಂದೆ ಹೋಗಿ ನಿಂತಳು.

‘ಅಕ್ಕಾ, ನಾನೇನು ತಪ್ಪು ಮಾಡಿದೆ?’

‘ತಪ್ಪೇನು ಬಂತು! ಕಾಲು ಸರಿಹೋಯ್ತು, ಗೇಟು ಹಾಕಿಸ್ಕೊಳ್ತಿದ್ದೀರಿ. ಒಂದು ಮಾತು ಹೇಳಿದ್ದರೆ ನಾನೇ ಬರೋದು ನಿಲ್ಲಿಸ್ತಿದ್ದೆ.’

‘ಯಾವ ಗೇಟು?’

‘ಕಂಬಕ್ಕೆ ಗೇಟು ತಗುಲಿಸೋ ಬಳೆ ಬೆಸೆದಿದಾರಲ್ಲ ನಿಮ್ಮ ಯಜಮಾನ್ರು! ನನಗೇನು ಕಣ್ಣಿಲ್ವಾ?’

‘ರೀ!’ ಎಂಬ ಕೂಗು ಎರಡೂ ಮನೆಗೆ ಕೇಳಿಸಿತು. ಗೇಟಪ್ಪ ಬಂದ. ಮೂವರೂ ಕಂಬದ ಮುಂದೆ ನಿಂತರು. ಕೆಳಗೊಂದು, ನಡುವೊಂದು, ಮೇಲೊಂದು ಕಬ್ಬಿಣದ ಬಳೆ, ಒಂದೇ ನೇರಕ್ಕೆ, ಬಲು ಅಚ್ಚುಕಟ್ಟಾಗಿ. ಗೇಟಪ್ಪ ಅವನ್ನು ಬೇರೆ ಯಾರೋ ಬೆಸೆದು ಹೋದಂತೆ ದಿಟ್ಟಿಸಿದ.

‘ಕಂಬ ಅಂದ ಮೇಲೆ ಬಳೆ... ಕೈ ತಾನೇ ಮಾಡಿಬಿಟ್ಟಿದೆ. ನನಗೆ ಗೊತ್ತೇ ಆಗ್ಲಿಲ್ಲ.’

‘ಹಾಗಾದ್ರೆ ಗೇಟು ಹಾಕಲ್ವಾ?’ ಎಂದಳು ಟೈಲರಮ್ಮ.

‘ಮತ್ತೆ ಮುಚ್ಚೋಕೆ ಗೋಡೆ ಒಡೆದೆನಾ ಟೈಲರಮ್ಮಾ? ನೀವು ಈ ಕಡೆಯಿಂದ ಬರದಿದ್ದರೆ ಇವಳು ಎದ್ದು ನಿಲ್ತಿರಲಿಲ್ಲ.’

ಇಷ್ಟು ಉದ್ದದ ಮಾತನ್ನು ಅವನು ಮದುವೆಯಲ್ಲೂ ಆಡಿರಲಿಲ್ಲ. ಆಡಿದ ಗಾಬರಿಗೆ, ಬಳೆ ಕತ್ತರಿಸುವ ಯಂತ್ರ ತರಲು ಹೊರಟ.

‘ನಿಲ್ಲಿ ಭಾವ, ಕತ್ತರಿಸಬೇಡಿ’ ಎಂದಳು ಟೈಲರಮ್ಮ. ‘ಬೆಳ್ಳುಳ್ಳಿ ಬಳ್ಳಿ ತನ್ನಿ. ಎಳೇದಿದ್ದಾಗಲೇ ಈ ಬಳೆಗಳೊಳಗೆ ಪೋಣಿಸಿಬಿಡ್ತೀನಿ. ಕಾಂಡ ದಪ್ಪ ಆದ ಮೇಲೆ ನಿಮ್ಮ ಕೈ ತಾನೇ ಗೇಟು ಮಾಡಿಬಿಟ್ಟರೂ ತಗುಲಿಸೋಕೆ ಜಾಗ ಇರಲ್ಲ.’

‘ಬಣ್ಣ ಬಿಡುತ್ತೆ ಅಂದಿದ್ದೆಯಲ್ಲಕ್ಕಾ?’

‘ಬಿಡಲಿ ಬಿಡೇ, ನಾನೇನು ಅದನ್ನ ಹೊಲಿಯಬೇಕಾ?’

‘ಅಕ್ಕಾ, ನೀನಿಲ್ಲದಿದ್ರೆ ನಾನು...’

‘ಸಾಕು. ಕೋಲು ನೆಟ್ಟಗೆ ಹಿಡಿ. ಮತ್ತೆ ಬಿದ್ದರೆ ನಾನು ಬರಲ್ಲ ನೋಡು’ ಎನ್ನುತ್ತ ಟೈಲರಮ್ಮ ಅವಳ ರಟ್ಟೆ ಹಿಡಿದು, ಕಮಾನಿನಡಿಯಿಂದ ಮನೆಗೆ ಕರೆದೊಯ್ದಳು.

ಭಾನುವಾರ ಬೆಳ್ಳುಳ್ಳಿ ಬಳ್ಳಿ ನೆಟ್ಟರು.