ಮಲ್ಕಪ್ಪನ ತೂಕ

"ಏ ಭೋಸಡಿ, ಇಳಿ ಕೆಳಗ! ಹಿಟ್ಟು ಕೊಡ್ತಾರಂತ ನಮ್ಮ ಕಟ್ಟಿ ಮೈಲಿಗಿ ಮಾಡ್ತೀಯೇನ?"

ಗೌಡ ದೌಲತರಾಯ ಕೂಗಿದಾಗ ಮರೆಮ್ಮ ಬೇವಿನ ಕಟ್ಟೆಯನ್ನು ಅರ್ಧ ಹತ್ತಿದ್ದಳು. ಹತ್ತಿದ್ದಕ್ಕಿಂತ ಬೇಗ ಇಳಿದಳು. ಇಳಿಯುವುದರಲ್ಲಿ ಕೇರಿಯವರೆಲ್ಲ ಪಳಗಿದ ಕೈ. ಟೊಂಗೆಗೆ ನೇತುಹಾಕಿದ ತಕ್ಕಡಿಗೆ ಮಾತ್ರ ಮೈಲಿಗೆಯಿರಲಿಲ್ಲ.

ಅವಳಿಗಿದ್ದ ಚಿಂತೆ ಬೈಗುಳದ್ದಲ್ಲ. ಎಂಬತ್ತಾರರ ಆ ಬೇಸಿಗೆಯಲ್ಲಿ ಯಡ್ರಾಮಿ ಕಡೆಯ ಆ ಊರಿಗೆ ಎರಡು ಸಂಸ್ಥೆಗಳು ಬರುತ್ತಿದ್ದವು. ಒಂದು, ಬಡಕಲು ಕೂಸುಗಳಿಗೆ ಹಿಟ್ಟು ಕೊಡುತ್ತಿತ್ತು. ಇನ್ನೊಂದು, ತೂಕ ಏರಿದ ಕೂಸಿನ ತಾಯಿಗೆ ಎಣ್ಣೆ. ಮರೆಮ್ಮ ಮಹಾ ಜಾಣೆ. ಹಿಟ್ಟಿನವರು ಬಂದ ದಿನ ಮಗ ಮಲ್ಕಪ್ಪನನ್ನು ಬರಿಹೊಟ್ಟೆಯಲ್ಲೇ ಒಯ್ಯುತ್ತಿದ್ದಳು. ಎಣ್ಣೆಯವರು ಬಂದ ದಿನ ಅಂಗಿಯೊಳಗೆ ಅವನ ಉಡದಾರಕ್ಕೆ ಕಲ್ಲು ಕಟ್ಟುತ್ತಿದ್ದಳು. ತನ್ನ ತಲೆಗೆ ತಾಲ್ಲೂಕು ಕಚೇರಿಯಲ್ಲಿ ಒಂದು ಕುರ್ಚಿ ಹಾಕಬೇಕು ಎಂದು ತಾನೇ ಬೀಗುತ್ತಿದ್ದಳು.

ಇಂದು ಮಕ್ಕಳ ಹಸಿವು ನೀಗಿಸಲು ಎರಡೂ ಸಂಸ್ಥೆಯವರು ಕೈಜೋಡಿಸಿದ್ದರು. ಕೈಜೋಡಿಸಿ ಒಂದೇ ತಕ್ಕಡಿ ತಂದಿದ್ದರು. ಕಲ್ಲು ಕಟ್ಟಿದರೆ ಹಿಟ್ಟು ಹೋಯಿತು, ಬಿಚ್ಚಿದರೆ ಎಣ್ಣೆ ಹೋಯಿತು. ಮಹಾ ಜಾಣೆ ಕಲ್ಲನ್ನು ಸೆರಗಿನಲ್ಲಿ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಳು.

ಸಂಸ್ಥೆಯವರು ಅವಳ ಕಂಕುಳಿನಿಂದ ಮಲ್ಕಪ್ಪನನ್ನು ಎತ್ತಿಕೊಂಡು ತಕ್ಕಡಿಯ ಜೋಳಿಗೆಗೆ ಹಾಕಿದರು. ಅವನು ಚೀರತೊಡಗಿದ.

"ಹೋದ ಸಲ ದಪ್ಪ ಆಗಿದ್ನಲ್ರಿ ಇವ!" ಎಂದ ಎಣ್ಣೆಯವನು.

"ನಮಗ ಯಾವಾಗ್ಲೂ ಬಡಕಲೇ ಕಂಡಾನ್ರಿ," ಎಂದ ಹಿಟ್ಟಿನವನು.

ಗಾಬರಿಗೆ ಮರೆಮ್ಮನ ಸೆರಗು ಜಾರಿ ಕಲ್ಲು ಕೆಳಗೆ ಬಿತ್ತು. ಎಲ್ಲರೂ ನೋಡಿದರು. ಗೌಡನ ಮನೆಯಿಂದ ಚಹಾ ಬಂತು. ಕುಡಿಯುತ್ತ ಇಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದರು: ಈ ಕೂಸಿಗೆ ಇಬ್ಬರೂ ಏನೂ ಕೊಡಬಾರದು.

"ಕಳ್ಳ ಜಾತಿ. ಕೂಸಿನ ತೂಕದಾಗೂ ಮೋಸ," ಎಂದು ಗೌಡ ನಕ್ಕ.

ಮರೆಮ್ಮನಿಗೂ ನಗು ಬಂತು. ಮೈಯೆಲ್ಲ ಉರಿಯುತ್ತಿತ್ತು.

"ಕೂಲಿ ಜ್ವಾಳ ಅಳೀತೀರಲ್ರಿ ಗೌಡ್ರ, ಆ ನಿಮ್ಮ ಸೇರು ನೋಡೇ ಕಲ್ತೇನ್ರಿ. ಆದ್ರ ನಿಮ್ಮಷ್ಟು ಚಂದ ಬರಲಿಲ್ಲ ನೋಡ್ರಿ."

ಅಂದವಳೇ ಕಟ್ಟೆ ಹತ್ತಿದಳು. ಕೂಲಿಗೆಂದು ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲಿನಿಂದ ಅಲ್ಲಿದ್ದ ಹಿಟ್ಟಿನ ಚೀಲ ಸೀಳಿದಳು. ಬೊಗಸೆ ತುಂಬಿಕೊಂಡು, ನೇತಾಡುತ್ತಿದ್ದ ಮಗನ ಬಾಯಿಗೆ ಹಿಡಿದಳು.

"ಈಗ ತೂಗ್ರಿ!"

ಮಲ್ಕಪ್ಪ ಅಳು ನಿಲ್ಲಿಸಿ ಒಣ ಹಿಟ್ಟು ಮುಕ್ಕಿದ. ಕೆಮ್ಮಿದ. ಮತ್ತೆ ಬಾಯಿ ತೆರೆದ. ಕೇರಿಯ ತಾಯಂದಿರು ಒಬ್ಬೊಬ್ಬರಾಗಿ ಕಟ್ಟೆ ಹತ್ತತೊಡಗಿದರು. ತಕ್ಕಡಿಯ ಮುಳ್ಳು ಮಾತ್ರ ಇದ್ದಲ್ಲೇ ಇತ್ತು.